ಹಳೆಯ ಕಾರು ಬದಲಿಸಲು ಸರ್ಕಾರದ ಸಹಾಯಧನ: ತೆರಿಗೆದಾರನಿಗೆ ಒಂದು ಕಾರಿಗೆ ಬಿದ್ದದ್ದು 4,200 ಡಾಲರೋ, 24,000 ಡಾಲರೋ?

ಪದವಿ ಮೇಷ್ಟ್ರು (ಪ್ರಶ್ನೆ)

ಬಿ.ಎ. ವಿದ್ಯಾರ್ಥಿಗಳಿಗೆ ಸಾರ್ವಜನಿಕ ಹಣಕಾಸು ಪಾಠ ಮಾಡುವಾಗ, ಸಹಾಯಧನವೊಂದರ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವುದು ಹೇಗೆ ಎಂಬುದಕ್ಕೆ ಅಮೆರಿಕ ಸರ್ಕಾರ 2009ರಲ್ಲಿ ನಡೆಸಿದ ಹಳೆಯ ಕಾರು ವಿನಿಮಯ ಯೋಜನೆಯನ್ನು ಉದಾಹರಣೆಯಾಗಿ ಕೊಡುತ್ತ ಬಂದಿದ್ದೇನೆ. ಜನರ ಬಾಯಲ್ಲಿ ಅದು ‘ಕ್ಯಾಶ್ ಫಾರ್ ಕ್ಲಂಕರ್ಸ್’ ಎಂದೇ ಹೆಸರಾಯಿತು. ಗ್ಯಾಲನ್ನಿಗೆ 18 ಮೈಲಿ ಅಥವಾ ಅದಕ್ಕೂ ಕಡಿಮೆ ಓಡುವ, 25 ವರ್ಷ ದಾಟದ, ಇನ್ನೂ ಓಡುವ ಸ್ಥಿತಿಯಲ್ಲಿರುವ ಗಾಡಿಯನ್ನು ಒಪ್ಪಿಸಿ, ಅದಕ್ಕಿಂತ ಹೆಚ್ಚು ಮೈಲೇಜಿನ, 45,000 ಡಾಲರ್ ಬೆಲೆಗೆ ಮೀರದ ಹೊಸ ಗಾಡಿಯನ್ನು ಕೊಂಡವರಿಗೆ ಸರ್ಕಾರ 3,500 ಅಥವಾ 4,500 ಡಾಲರ್ ರಿಯಾಯಿತಿ ಕೊಟ್ಟಿತು. ಜುಲೈ ಕೊನೆಯಲ್ಲಿ ಅರ್ಜಿ ಸ್ವೀಕರಿಸಲು ಶುರು ಮಾಡಿದಾಗ ಮೀಸಲಿಟ್ಟಿದ್ದ 100 ಕೋಟಿ ಡಾಲರ್ ವಾರ ಕಳೆಯುವಷ್ಟರಲ್ಲಿ ಕರಗಿಹೋಗಿ, ಅಲ್ಲಿನ ಸಂಸತ್ತು ಇನ್ನೂ 200 ಕೋಟಿ ಸೇರಿಸಬೇಕಾಯಿತು. ಆಗಸ್ಟ್ 24ಕ್ಕೆ ಯೋಜನೆ ಮುಗಿಯಿತು. ಅಂತಿಮವಾಗಿ 6,77,842 ಗಾಡಿಗಳಿಗೆ ಸುಮಾರು 285 ಕೋಟಿ ಡಾಲರ್ ಸಂದಾಯವಾಯಿತು.

ನನ್ನ ತೊಡಕು ಇಲ್ಲಿದೆ. ಈ ಎರಡು ಸಂಖ್ಯೆಗಳನ್ನು ಭಾಗಿಸಿದರೆ ಒಂದು ಗಾಡಿಗೆ ಹತ್ತಿರ ಹತ್ತಿರ 4,200 ಡಾಲರ್ ಬರುತ್ತದೆ. ಆದರೆ ಕಾರು ಮಾರುಕಟ್ಟೆಯ ಮಾಹಿತಿ ಕೊಡುವ ಎಡ್ಮಂಡ್ಸ್ ಸಂಸ್ಥೆ ಅದೇ ವರ್ಷ ಅಕ್ಟೋಬರಿನಲ್ಲಿ, ತೆರಿಗೆದಾರನಿಗೆ ಒಂದು ಕಾರಿಗೆ 24,000 ಡಾಲರ್ ವೆಚ್ಚ ಬಿದ್ದಿದೆ ಎಂದು ಪ್ರಕಟಿಸಿತು. ಒಂದೇ ಯೋಜನೆಗೆ ಸುಮಾರು ಆರು ಪಟ್ಟು ಅಂತರದ ಎರಡು ಲೆಕ್ಕಗಳು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಕೊಡುವ ಉತ್ತರ ಅವರಿಗಿರಲಿ, ನನಗೇ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಜೊತೆಗೆ, ನಮ್ಮ ದೇಶದ ಗುಜರಿ ನೀತಿಗೂ ಇದೇ ಬಗೆಯ ಲೆಕ್ಕವನ್ನು ಹಾಕಲು ಸಾಧ್ಯವೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಕೂಡಿಕಳೆ

ಮೇಷ್ಟ್ರಿಗೆ ನಮಸ್ಕಾರ. ಭಾಗಾಕಾರದ ಮಟ್ಟಿಗೆ ಎರಡೂ ಸರಿ. ಜಗಳವೆಲ್ಲ ಛೇದದಲ್ಲಿದೆ.

4,200 ಡಾಲರ್ ಎನ್ನುವುದು ಸರ್ಕಾರ ಒಂದು ರಿಯಾಯಿತಿ ಚೀಟಿಗೆ ಕೊಟ್ಟ ಸರಾಸರಿ ಹಣ. ಆ ಹಣದಿಂದ ಏನು ಸಾಧಿಸಿತು ಎಂಬುದನ್ನು ಅದು ಹೇಳುವುದಿಲ್ಲ. ಹೇಗೂ ಆ ಬೇಸಿಗೆಯಲ್ಲಿ ಹೊಸ ಕಾರು ಕೊಳ್ಳಲು ಹೊರಟಿದ್ದವನ ಕೈಗೆ ನಾಲ್ಕು ಸಾವಿರ ಡಾಲರ್ ಇಟ್ಟರೆ ಮಾರುಕಟ್ಟೆಯಲ್ಲಿ ಒಂದೇ ಒಂದು ಕಾರೂ ಹೆಚ್ಚಾಗುವುದಿಲ್ಲ; ಬೊಕ್ಕಸದಿಂದ ಅವನ ಜೇಬಿಗೆ ದುಡ್ಡು ಸರಿದಿರುತ್ತದೆ, ಅಷ್ಟೆ. ಆದ್ದರಿಂದ ಒಟ್ಟು ಖರ್ಚನ್ನು ಭಾಗಿಸಬೇಕಾದದ್ದು ಮಾರಾಟವಾದ ಕಾರುಗಳಿಂದಲ್ಲ, ಯೋಜನೆ ಇಲ್ಲದಿದ್ದರೆ ಮಾರಾಟವಾಗದೆ ಉಳಿಯುತ್ತಿದ್ದ ಕಾರುಗಳಿಂದ. ಎಡ್ಮಂಡ್ಸ್ ಮಾಡಿದ್ದು ಇದನ್ನೇ. ಯೋಜನೆಗೆ ಒಳಪಡದ ದುಬಾರಿ ಕಾರುಗಳ ಮಾರಾಟದ ಏರಿಳಿತವನ್ನು ನೋಡಿ, ಉಳಿದ ಕಾರುಗಳೂ ಅದೇ ಹಾದಿ ಹಿಡಿಯುತ್ತಿದ್ದವು ಎಂದು ಭಾವಿಸಿ, ನಿಜವಾಗಿ ಹೆಚ್ಚುವರಿಯಾಗಿ ಮಾರಾಟವಾದದ್ದು 1.25 ಲಕ್ಷ ಮಾತ್ರ ಎಂಬ ತೀರ್ಮಾನಕ್ಕೆ ಬಂದಿತು. 300 ಕೋಟಿಯನ್ನು 1.25 ಲಕ್ಷದಿಂದ ಭಾಗಿಸಿದರೆ 24,000. ಶ್ವೇತಭವನಕ್ಕೆ ಇದು ಸಿಟ್ಟು ತರಿಸಿತು. ಯೋಜನೆಯ ಗದ್ದಲದಿಂದ ಅರ್ಹವಲ್ಲದ ಕಾರುಗಳ ಮಾರುಕಟ್ಟೆಗೆ ಏನೂ ಆಗಲಿಲ್ಲ ಎಂದು ಭಾವಿಸುವುದೇ ತಪ್ಪು ಎಂದು ಅದು ತನ್ನ ಜಾಲತಾಣದಲ್ಲಿ, ತುಸು ವ್ಯಂಗ್ಯ ಬೆರೆಸಿಯೇ ಉತ್ತರಿಸಿತು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನ್ನ ಅಭಿಪ್ರಾಯ.

ಇವೆರಡಕ್ಕಿಂತ ಗಟ್ಟಿಯಾದ ಲೆಕ್ಕಗಳು ಆಮೇಲೆ ಬಂದವು. ಆತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು, ಹಳೆಯ ಗಾಡಿಗಳು ಹೆಚ್ಚಿದ್ದ ನಗರಗಳನ್ನೂ ಕಡಿಮೆ ಇದ್ದ ನಗರಗಳನ್ನೂ ಹೋಲಿಸಿ, ಜುಲೈ-ಆಗಸ್ಟ್‌ನಲ್ಲಿ ಹೆಚ್ಚುವರಿಯಾಗಿ ಮಾರಾಟವಾದದ್ದು ಸುಮಾರು 3.7 ಲಕ್ಷ ಎಂದರು. ಶಾಂಜುನ್ ಲೀ ಮತ್ತು ಸಂಗಡಿಗರು ಬೇರೆ ದಾರಿಯಲ್ಲಿ ಹೋಗಿ ಅದೇ ಸಂಖ್ಯೆಗೆ ತಲುಪಿದರು. ಸಹಾಯಧನದ ಶೇ 45ರಷ್ಟು ಹೇಗೂ ಕೊಳ್ಳುತ್ತಿದ್ದವರ ಪಾಲಾಯಿತು ಎಂಬುದು ಅವರ ಅಂದಾಜು. ಟೆಕ್ಸಾಸಿನ ನೋಂದಣಿ ದಾಖಲೆಗಳನ್ನು ಹಿಡಿದು ಕೂತ ಹೋಕ್ಸ್ಟ್ರಾ, ಪುಲ್ಲರ್ ಮತ್ತು ವೆಸ್ಟ್ ಇನ್ನೂ ಜಾಣತನದ ಕೆಲಸ ಮಾಡಿದರು: 18 ಮೈಲಿಯ ಗಡಿಯ ಸ್ವಲ್ಪ ಕೆಳಗಿದ್ದು ಅರ್ಹರಾದವರನ್ನು ಸ್ವಲ್ಪ ಮೇಲಿದ್ದು ತಪ್ಪಿಸಿಕೊಂಡವರ ಜೊತೆ ಹೋಲಿಸಿದರು, ಏಕೆಂದರೆ ಈ ಎರಡು ಗುಂಪುಗಳ ನಡುವೆ ಬೇರೆ ವ್ಯತ್ಯಾಸ ಹೆಚ್ಚಿಲ್ಲ. ಅವರ ಪ್ರಕಾರ ಸಹಾಯಧನದ ಸುಮಾರು ಶೇ 60ರಷ್ಟು ಆ ಎರಡೇ ತಿಂಗಳಲ್ಲಿ ಹೇಗೂ ಕೊಳ್ಳುತ್ತಿದ್ದವರಿಗೆ ಹೋಯಿತು. 3.7 ಲಕ್ಷವನ್ನು ಛೇದವಾಗಿಟ್ಟರೆ ಒಂದು ಹೆಚ್ಚುವರಿ ಕಾರಿಗೆ 7,700 ಡಾಲರ್. ಟೆಕ್ಸಾಸಿನ ಅಧ್ಯಯನದಂತೆ ಉಳಿದ ಶೇ 40ನ್ನು ಮಾತ್ರ ಹೆಚ್ಚುವರಿ ಎಂದು ಹಿಡಿದರೆ 10,500 ಡಾಲರ್.

ಆದರೆ ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಸಂಗತಿ ಇದಕ್ಕಿಂತ ಮುಂದಿದೆ. ‘ಹೆಚ್ಚುವರಿ’ ಎಂದರೆ ಎಷ್ಟು ಅವಧಿಯಲ್ಲಿ ಹೆಚ್ಚುವರಿ? ಮಿಯಾನ್ ಮತ್ತು ಸೂಫಿ ಅವರ ಲೆಕ್ಕದಲ್ಲಿ ಆ ಏರಿಕೆ 2010ರ ಮಾರ್ಚ್ ಹೊತ್ತಿಗೆ ಬಹುತೇಕ ಸೊನ್ನೆಯಾಗಿತ್ತು. ಟೆಕ್ಸಾಸಿನ ಅಧ್ಯಯನವೂ ಖರೀದಿಗಳು ಎಂಟು ತಿಂಗಳಿಗಿಂತ ಹೆಚ್ಚು ಮುಂಚಿತವಾಗಲಿಲ್ಲ ಎನ್ನುತ್ತದೆ. ಅಂದರೆ ಚಳಿಗಾಲದಲ್ಲೋ ಮುಂದಿನ ವಸಂತದಲ್ಲೋ ಕೊಳ್ಳಬೇಕಿದ್ದವರು ಆಗಸ್ಟ್‌ನಲ್ಲೇ ಕೊಂಡರು. ಒಂದು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಛೇದ ಸೊನ್ನೆಯ ಹತ್ತಿರ ಬರುತ್ತದೆ. ಆಗ ಒಂದು ಹೆಚ್ಚುವರಿ ಕಾರಿನ ವೆಚ್ಚ 24,000 ಡಾಲರ್ ಎನ್ನುವುದೂ ಉದಾರವಾದ ಮಾತೇ. ಸೊನ್ನೆಯಿಂದ ಭಾಗಿಸಬಾರದೆಂದು ಪ್ರಾಥಮಿಕ ಶಾಲೆಯಲ್ಲೇ ನಮಗೆ ಕಲಿಸಿದ್ದಾರೆ.

ಓಹಾಯೋ ಕನ್ನಡಿಗ

ಮೇಲಿನವರು ಬೊಕ್ಕಸದ ಲೆಕ್ಕ ಹೇಳಿದರು. ನಾನು ಆ ವರ್ಷ ಇಲ್ಲಿನ ಒಂದು ಕಾರು ಮಾರಾಟ ಮಳಿಗೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಬೊಕ್ಕಸದ ಪುಸ್ತಕದಲ್ಲಿ ಕಾಣದ ವೆಚ್ಚವೊಂದನ್ನು ಕಣ್ಣಾರೆ ಕಂಡವನು.

ವಾಪಸು ಬಂದ ಗಾಡಿ ಮತ್ತೆ ರಸ್ತೆಗಿಳಿಯದಂತೆ ಅದರ ಎಂಜಿನ್ನನ್ನು ಕೆಡಿಸಬೇಕೆಂಬ ನಿಯಮವಿತ್ತು. ಮೆಕ್ಯಾನಿಕ್ ಮೊದಲು ಎಂಜಿನ್ ಆಯಿಲನ್ನು ಪೂರ್ತಿ ಬಸಿಯುತ್ತಿದ್ದ. ಅದರ ಜಾಗಕ್ಕೆ ಸುಮಾರು ಎರಡು ಲೀಟರ್ ಸೋಡಿಯಂ ಸಿಲಿಕೇಟ್ ದ್ರಾವಣವನ್ನು ಸುರಿದು, ಗಾಡಿಯನ್ನು ಚಾಲೂ ಮಾಡಿ, ಎಂಜಿನ್ನನ್ನು 2,000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗಿಸುತ್ತ ಕೂರುತ್ತಿದ್ದ. ಬಿಸಿಗೆ ನೀರು ಆರಿ, ಉಳಿದದ್ದು ಗಾಜಿನಂತೆ ಗಟ್ಟಿಯಾಗಿ ಬೇರಿಂಗುಗಳನ್ನು ಕಚ್ಚಿಕೊಳ್ಳುತ್ತಿತ್ತು. ಎಂಜಿನ್ ಒಮ್ಮೆ ಕೀರಲು ದನಿ ಮಾಡಿ ನಿಂತುಬಿಡುತ್ತಿತ್ತು. ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಕೀಲಿ ತಿರುಗಿಸಿ, ಓಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಾಗದಕ್ಕೆ ಸಹಿ. ಹಾಗೆ ನಿಂತುಹೋದ ಗಾಡಿಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ತರಹದ ದೊಡ್ಡ ಗಾಡಿಗಳು. ಒಳಗೆ ಸೀಟು ಕೂಡ ಹರಿದಿರದ ಎಷ್ಟೋ ಗಾಡಿಗಳಿದ್ದವು. ಯೋಜನೆಯ ನಿಯಮವೇ ಹಾಗಿತ್ತು: ಹಿಂದಿನ ಒಂದು ವರ್ಷ ಪೂರ್ತಿ ಒಬ್ಬರದೇ ಹೆಸರಿನಲ್ಲಿ ನೋಂದಣಿ ಮತ್ತು ವಿಮೆ ಚಾಲ್ತಿಯಲ್ಲಿರುವ, ಓಡುವ ಗಾಡಿಯೇ ಬೇಕು. ಹಿತ್ತಲಲ್ಲಿ ತುಕ್ಕು ಹಿಡಿದು ನಿಂತದ್ದಕ್ಕೆ ಪ್ರವೇಶವಿರಲಿಲ್ಲ.

ಲೆಕ್ಕದ ದೃಷ್ಟಿಯಿಂದ ಇದನ್ನು ಹೀಗೆ ನೋಡಬಹುದು. 1,500 ಡಾಲರ್ ಬೆಲೆ ಬಾಳುವ ಗಾಡಿಯನ್ನು ಕೊಟ್ಟು 4,500 ಡಾಲರ್ ಪಡೆದವನಿಗೆ ನಿಜವಾಗಿ ದಕ್ಕಿದ್ದು 3,000 ಡಾಲರ್. ಆ 3,000 ತೆರಿಗೆದಾರನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋಯಿತು, ಸಮಾಜದಲ್ಲಿಯೇ ಉಳಿಯಿತು. ಉಳಿದ 1,500 ಮಾತ್ರ ಯಾರಿಗೂ ಸಿಗದೆ, ಆ ಎಂಜಿನ್ನಿನ ಜೊತೆ ಹಾಳಾಯಿತು. ತೆರಿಗೆದಾರನ ವೆಚ್ಚ ಮತ್ತು ಸಮಾಜದ ನಷ್ಟ ಎರಡೂ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಇದರಿಂದ ಬಡವರಿಗೆ ಹಳೆಯ ಕಾರು ಸಿಗದಂತಾಯಿತು ಎಂದು ಇಲ್ಲಿ ಹಲವರು ಹೇಳುತ್ತಾರೆ. ಅದನ್ನು ಅತಿಯಾಗಿ ನಂಬಬೇಡಿ. ಸುಮಾರು 25 ಕೋಟಿ ವಾಹನಗಳಿರುವ ದೇಶದಲ್ಲಿ ಏಳು ಲಕ್ಷ ಕಡಿಮೆಯಾದರೆ ಅದು ಶೇ 0.3ಕ್ಕೂ ಕಡಿಮೆ. ಮುಂದಿನ ವರ್ಷಗಳಲ್ಲಿ ಬಳಸಿದ ಕಾರುಗಳ ಬೆಲೆ ಏರಲು, 2008ರಿಂದ ಹೊಸ ಕಾರುಗಳ ಮಾರಾಟವೇ ಕುಸಿದು, ಎರಡನೆಯ ಕೈಗೆ ಬರಬೇಕಾದ ಗಾಡಿಗಳು ಬಾರದೆ ಹೋದದ್ದು ದೊಡ್ಡ ಕಾರಣ.

ಪೀಣ್ಯ ಬಿಡಿಭಾಗ

ಇಲ್ಲಿಯವರೆಗಿನ ಚರ್ಚೆಯ ದಿಕ್ಕನ್ನೇ ನಾನು ಒಪ್ಪುವುದಿಲ್ಲ. ವಾಹನ ಬಿಡಿಭಾಗ ತಯಾರಿಸುವ ಚಿಕ್ಕ ಘಟಕ ನಡೆಸುವವನಾಗಿ ಹೇಳುತ್ತೇನೆ: ಖರೀದಿ ಎಂಟು ತಿಂಗಳು ಮುಂಚೆ ನಡೆಯಿತು ಎಂಬುದನ್ನು ನೀವು ಯೋಜನೆಯ ಸೋಲೆಂದು ಎಣಿಸುತ್ತಿದ್ದೀರಿ, ಆದರೆ ಯೋಜನೆಯ ಉದ್ದೇಶವೇ ಅದಾಗಿತ್ತು.

2007ರಲ್ಲಿ 1.61 ಕೋಟಿ ಇದ್ದ ಅಮೆರಿಕದ ವಾರ್ಷಿಕ ಮಾರಾಟ 2009ರಲ್ಲಿ 1.04 ಕೋಟಿಗೆ ಇಳಿದಿತ್ತು. ಕ್ರೈಸ್ಲರ್ ಏಪ್ರಿಲ್ 30ರಂದು, ಜನರಲ್ ಮೋಟರ್ಸ್ ಜೂನ್ 1ರಂದು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವು. ಅಂಥ ಹೊತ್ತಿನಲ್ಲಿ ಆಗಸ್ಟ್‌ನಲ್ಲಿ ಬರುವ ಆರ್ಡರಿಗೂ ಮುಂದಿನ ಮಾರ್ಚ್‌ನಲ್ಲಿ ಬರುವ ಆರ್ಡರಿಗೂ ಅಜಗಜಾಂತರ. ನಡುವಿನ ತಿಂಗಳುಗಳಲ್ಲಿ ಬ್ಯಾಂಕಿನ ಕಂತು ಕಟ್ಟಲಾಗದೆ ಬಾಗಿಲು ಹಾಕಿದ ಘಟಕ ಮಾರ್ಚ್‌ನಲ್ಲಿ ತಾನಾಗಿ ಬಾಗಿಲು ತೆರೆಯುವುದಿಲ್ಲ. ಕಳಿಸಿಬಿಟ್ಟ ಟರ್ನರ್ ಫಿಟ್ಟರುಗಳು ಕರೆದ ಕೂಡಲೇ ಮರಳುವುದೂ ಇಲ್ಲ.

ಜರ್ಮನಿಯನ್ನೂ ನೋಡಿ. ಅದೇ ವರ್ಷ ಅಲ್ಲಿನ ಸರ್ಕಾರ ಒಂಬತ್ತು ವರ್ಷ ಮೀರಿದ ಕಾರನ್ನು ಗುಜರಿಗೆ ಹಾಕಿದವರಿಗೆ ತಲಾ 2,500 ಯೂರೋ ಕೊಟ್ಟಿತು. 150 ಕೋಟಿ ಯೂರೋ ಎಂದು ಶುರುವಾದದ್ದು 500 ಕೋಟಿಗೆ ಹಿಗ್ಗಿ, ಸುಮಾರು 20 ಲಕ್ಷ ಕಾರುಗಳಿಗೆ ಹಂಚಿಕೆಯಾಯಿತು. 2008ರಲ್ಲಿ 30.9 ಲಕ್ಷ ಇದ್ದ ಹೊಸ ನೋಂದಣಿ 2009ರಲ್ಲಿ 38.1 ಲಕ್ಷಕ್ಕೇರಿ, 2010ರಲ್ಲಿ 29.2 ಲಕ್ಷಕ್ಕೆ ಇಳಿಯಿತು. ಆ ಇಳಿಕೆ ಎಲ್ಲರೂ ಹೆದರಿದಷ್ಟು ಆಳದ್ದಾಗಿರಲಿಲ್ಲ. ಇದಲ್ಲದೆ ಅಲ್ಲಿ ಪ್ರತಿ ಹೊಸ ಕಾರಿನ ಮೇಲೆ ಶೇ 19ರ ಮೌಲ್ಯವರ್ಧಿತ ತೆರಿಗೆ ಇದೆ. ತೆರಿಗೆ ಬಿಟ್ಟು 13,200 ಯೂರೋ ಬೆಲೆಯ ಕಾರೊಂದು ಮಾರಾಟವಾದರೆ, ಕೊಟ್ಟ 2,500 ಯೂರೋ ತೆರಿಗೆಯ ರೂಪದಲ್ಲೇ ಬೊಕ್ಕಸಕ್ಕೆ ಮರಳುತ್ತದೆ. ಈ ಆದಾಯವನ್ನು ಬಿಟ್ಟು ಬರೀ ಖರ್ಚನ್ನು ತೋರಿಸುವುದು ಅರ್ಧ ಲೆಕ್ಕ.

ಕೂಡಿಕಳೆ

ಪೀಣ್ಯದವರ ಆಕ್ಷೇಪ ತೂಕದ್ದು. ಖರೀದಿ ಮುಂಚಿತವಾಗಿ ನಡೆಯುವಂತೆ ಮಾಡುವುದೇ ಉದ್ದೇಶವಾಗಿದ್ದರೆ ಆ ಉದ್ದೇಶದಿಂದಲೇ ಅಳೆಯಬೇಕು ಎಂಬುದನ್ನು ಒಪ್ಪುತ್ತೇನೆ. ಹಾಗೆ ಅಳೆದರೂ ಉತ್ತರ ಹಿತವಾಗಿಲ್ಲ. ಬ್ರೂಕಿಂಗ್ಸ್ ಸಂಸ್ಥೆಯ ಗೇಯರ್ ಮತ್ತು ಪಾರ್ಕರ್ 2013ರಲ್ಲಿ ಲೆಕ್ಕ ಹಾಕಿದಂತೆ ಈ ಯೋಜನೆಯಿಂದ ಹುಟ್ಟಿದ ಒಂದೊಂದು ಉದ್ಯೋಗಕ್ಕೂ ಸುಮಾರು 14 ಲಕ್ಷ ಡಾಲರ್ ಖರ್ಚಾಗಿದೆ. ಹಳೆಯ ಗಾಡಿಗಳು ಹೆಚ್ಚಿದ್ದ ನಗರಗಳಲ್ಲಿ ಉದ್ಯೋಗ ಗಮನಾರ್ಹವಾಗಿ ಹೆಚ್ಚಿದ್ದಕ್ಕೆ ಮಿಯಾನ್ ಮತ್ತು ಸೂಫಿ ಅವರಿಗೂ ಪುರಾವೆ ಸಿಗಲಿಲ್ಲ. ಟೆಕ್ಸಾಸಿನ ಅಧ್ಯಯನದ ಮಾತು ಇನ್ನೂ ವಿಚಿತ್ರ: ಮೈಲೇಜಿನ ಷರತ್ತಿನಿಂದಾಗಿ ಜನ ದೊಡ್ಡ ಗಾಡಿಯ ಬದಲು ಕೊರೊಲ್ಲಾದಂಥ ಅಗ್ಗದ ಕಾರು ಕೊಂಡದ್ದರಿಂದ, ವರ್ಷದ ಹತ್ತಿರ ಹತ್ತಿರದ ಅವಧಿಯಲ್ಲಿ ಹೊಸ ಕಾರುಗಳ ಮೇಲೆ ಆದ ಒಟ್ಟು ಖರ್ಚು ಕಡಿಮೆಯೇ ಆಯಿತು. ಕೈಗಾರಿಕೆಗೆ ನೆರವಾಗಲು ಹೊರಟ ಹಣ ಕೈಗಾರಿಕೆಯ ಆದಾಯವನ್ನೇ ಕುಗ್ಗಿಸಿತು.

ಪರಿಸರದ ಲೆಕ್ಕ ತುಸು ಮೇಲು, ಆದರೆ ದುಬಾರಿ. ಕೊಟ್ಟ ಗಾಡಿಗಳ ಸರಾಸರಿ ಮೈಲೇಜು ಗ್ಯಾಲನ್ನಿಗೆ 15.8 ಮೈಲಿ, ಕೊಂಡವುಗಳದ್ದು 24.9, ನಮ್ಮ ಅಳತೆಯಲ್ಲಿ ಲೀಟರಿಗೆ 6.7 ಕಿಲೋಮೀಟರಿನಿಂದ 10.6ಕ್ಕೆ. ಕಡಿಮೆ ಸುಧಾರಣೆಯೇನಲ್ಲ. ಆದರೂ ಆ ಹಳೆಯ ಗಾಡಿಗಳು ಇನ್ನು ಕೆಲವೇ ವರ್ಷ ಓಡುತ್ತಿದ್ದವು. ಉಳಿತಾಯವೂ ಅಷ್ಟೇ ವರ್ಷದ್ದು. ಲೀ ಮತ್ತು ಸಂಗಡಿಗರ ಪ್ರಕಾರ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತಡೆಯಲು ತಗಲಿದ ವೆಚ್ಚ 92ರಿಂದ 288 ಡಾಲರ್. ಅದೇ ಅಮೆರಿಕ ಸರ್ಕಾರ 2010ರಲ್ಲಿ ಒಂದು ಟನ್ನಿನಿಂದ ಆಗುವ ಹಾನಿಗೆ ಕಟ್ಟಿದ ಮಧ್ಯಮ ಬೆಲೆ 21 ಡಾಲರ್. ಇದರಲ್ಲಿ ಷರತ್ತಿನ ಸಡಿಲವೂ ಸೇರಿದೆ: ಪಿಕಪ್ ಮತ್ತು ಎಸ್‌ಯುವಿ ವರ್ಗದ ಹೊಸ ಗಾಡಿ ಹಳೆಯದಕ್ಕಿಂತ ಬರೀ ಎರಡು ಮೈಲಿ ಹೆಚ್ಚು ಕೊಟ್ಟರೂ 3,500 ಡಾಲರ್ ಸಿಗುತ್ತಿತ್ತು.

ಜರ್ಮನಿಯ ಫಲ ಅಮೆರಿಕಕ್ಕಿಂತ ಚೆನ್ನಾಗಿದೆ ಎಂಬುದು ನಿಜ. ಹಿಂದಿನ ವರ್ಷಕ್ಕಿಂತ ಹೆಚ್ಚಾದ ಏಳು ಲಕ್ಷ ಚಿಲ್ಲರೆ ಕಾರುಗಳಿಂದ ಭಾಗಿಸಿದರೂ ಅಲ್ಲಿ ಒಂದಕ್ಕೆ 7,000 ಯೂರೋ ಬೀಳುತ್ತದೆ, ಅದು ಬೇರೆ ಮಾತು. ತೆರಿಗೆ ಮರಳುತ್ತದೆ ಎಂಬ ವಾದಕ್ಕೆ ಒಂದೇ ತಿದ್ದುಪಡಿ: ಹೇಗೂ ಕೊಳ್ಳುತ್ತಿದ್ದವನು ಆ ತೆರಿಗೆಯನ್ನು ಹೇಗೂ ಕಟ್ಟುತ್ತಿದ್ದ. ಕಾರು ಕೊಳ್ಳದವನು ಅದೇ ಹಣದಲ್ಲಿ ಫ್ರಿಜ್ಜನ್ನೋ ಸೋಫಾವನ್ನೋ ಕೊಂಡಿದ್ದರೂ ಶೇ 19 ಕಟ್ಟುತ್ತಿದ್ದ.

ಪದವಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಛೇದದ ವಿಚಾರ ಈಗ ನಿಚ್ಚಳವಾಯಿತು. ಭಾರತದ ವಿಷಯವನ್ನು ಯಾರೂ ಮುಟ್ಟಲಿಲ್ಲ. ಮತ್ತೊಂದು ಚಿಕ್ಕ ಸಂದೇಹ ಓಹಾಯೋದವರಿಗೆ: ಎಂಜಿನ್ ಹಾಳಾದರೂ ಕಬ್ಬಿಣಕ್ಕೆ ಬೆಲೆ ಇದ್ದೇ ಇರುತ್ತದೆಯಲ್ಲ, ಆ ದುಡ್ಡು ಯಾರಿಗೆ ಸೇರುತ್ತಿತ್ತು?

ಹಳೇಗಾಡಿ

ಭಾರತದ್ದು ನಾನು ಹೇಳುತ್ತೇನೆ, ಆದರೆ ಸ್ವರೂಪವೇ ಬೇರೆ. 2021ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಅದೇ ಆಗಸ್ಟ್ 13ರಂದು ಚಾಲನೆ ಪಡೆದ ನಮ್ಮ ಗುಜರಿ ನೀತಿಯಲ್ಲಿ ಕೇಂದ್ರ ಸರ್ಕಾರ ಕಾರಿನ ಮಾಲೀಕನಿಗೆ ನೇರವಾಗಿ ಚೆಕ್ ಕೊಡುವುದಿಲ್ಲ. ಗುಜರಿ ಕೇಂದ್ರ ಕೊಡುವ ಬೆಲೆ ಹೊಸ ಗಾಡಿಯ ಶೋರೂಂ ಬೆಲೆಯ ಶೇ 4ರಿಂದ 6 ಎಂದು ನೀತಿ ಅಂದಾಜಿಸಿದೆ. ಅದು ಲೋಹದ ಬೆಲೆ, ತೆರಿಗೆದಾರನದ್ದಲ್ಲ. 2024ರ ಆಗಸ್ಟ್‌ನಲ್ಲಿ ಹಲವು ಕಾರು ಕಂಪನಿಗಳು ಒಪ್ಪಿಕೊಂಡ ಶೇ 1.5 ಅಥವಾ 20,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದಷ್ಟು ರಿಯಾಯಿತಿ ಕಂಪನಿಯ ಲೆಕ್ಕಕ್ಕೆ. ತೆರಿಗೆದಾರನಿಗೆ ತಗಲುವುದು ಮುಖ್ಯವಾಗಿ ಎರಡು ಕಡೆ. ಗುಜರಿ ಪ್ರಮಾಣಪತ್ರ ತೋರಿಸಿ ಹೊಸ ಗಾಡಿ ಕೊಳ್ಳುವವರಿಗೆ ರಾಜ್ಯಗಳು ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ಬಿಡಬಹುದು ಎಂಬುದು ಒಂದು. ಹಾಗೆ ಬಿಟ್ಟುಕೊಡಲು ರಾಜ್ಯಗಳನ್ನು ಹುರಿದುಂಬಿಸಲು ಕೇಂದ್ರ 2023-24ರ ಬಂಡವಾಳ ನೆರವಿನಲ್ಲಿ 3,000 ಕೋಟಿ ರೂಪಾಯಿ ತೆಗೆದಿಟ್ಟದ್ದು ಇನ್ನೊಂದು.

ಕರ್ನಾಟಕದ ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ವಾಹನ ತೆರಿಗೆಯನ್ನು ಕೊಳ್ಳುವಾಗಲೇ ಜೀವಾವಧಿಗೆ ಕಟ್ಟಿಸಿಕೊಳ್ಳುತ್ತಾರೆ. 5 ಲಕ್ಷದಿಂದ 10 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಶೇ 14. 8 ಲಕ್ಷದ ಕಾರಿಗೆ, ಮೇಲ್ತೆರಿಗೆ ಬಿಟ್ಟು, 1.12 ಲಕ್ಷ ರೂಪಾಯಿ. ಪೂರ್ತಿ ಶೇ 25 ಬಿಟ್ಟಿತೆಂದೇ ಇಟ್ಟುಕೊಂಡರೆ ರಾಜ್ಯ ಕಳೆದುಕೊಳ್ಳುವುದು 28,000, ಅದಕ್ಕೆ ಸಿಗುವುದು 84,000. ಈ ರಿಯಾಯಿತಿ ಇಲ್ಲದಿದ್ದರೆ ಆತ ಕಾರನ್ನೇ ಕೊಳ್ಳುತ್ತಿರಲಿಲ್ಲ ಎಂದಾದರೆ 84,000 ಪೂರ್ತಿ ಲಾಭ. ಹೇಗೂ ಕೊಳ್ಳುತ್ತಿದ್ದ ಎಂದಾದರೆ 28,000 ನಷ್ಟ. ನಾಲ್ವರಲ್ಲಿ ಒಬ್ಬ ನಿಜವಾದ ಹೊಸ ಗಿರಾಕಿಯಾಗಿದ್ದರೆ ಸರಿಗೆ ಸರಿ. ಕೇಳಲು ಸುಲಭದ ಗುರಿ ಎನಿಸುತ್ತದೆ. ಆದರೆ ಮೇಲೆ ಕೂಡಿಕಳೆಯವರು ಹೇಳಿದ ಅಮೆರಿಕದ ಅನುಭವವನ್ನು ಇಲ್ಲಿಗೆ ಹಚ್ಚಿ ನೋಡಿ: ಆ ಒಬ್ಬನೂ ಮುಂದಿನ ವರ್ಷ ಕೊಳ್ಳುವುದನ್ನು ಈ ವರ್ಷಕ್ಕೆ ಎಳೆದುಕೊಂಡವನಾಗಿದ್ದರೆ, ರಾಜ್ಯಕ್ಕೆ ಮುಂದಿನ ವರ್ಷ ಬರಬೇಕಿದ್ದ 1.12 ಲಕ್ಷದ ಬದಲು ಈ ವರ್ಷ 84,000 ಬಂದಿರುತ್ತದೆ. ಅಲ್ಲಿಯೂ ಹೋದದ್ದು ಅದೇ 28,000, ಬಂದ ಲಾಭ ವರ್ಷದ ಬಡ್ಡಿಯಷ್ಟು.

ಇನ್ನೊಂದು ವ್ಯತ್ಯಾಸ ಗಮನಿಸಿ. ಅಮೆರಿಕದಲ್ಲಿ ಚೀಟಿಯ ಬೆಲೆ ಗಾಡಿಯ ಬೆಲೆಗಿಂತ ಬಹಳ ಹೆಚ್ಚಿದ್ದುದರಿಂದ ಚೆನ್ನಾಗಿ ಓಡುವ ಗಾಡಿಗಳೂ ನಾಶವಾದವು. ನಮ್ಮಲ್ಲಿ ಇದು ತಲೆಕೆಳಗು. ಹದಿನೈದು ವರ್ಷದ ಕಾರಿಗೆ ಗುಜರಿಯಲ್ಲಿ ಮೂವತ್ತು ಸಾವಿರ ಬಂದರೆ, ಎಫ್‌ಸಿ ಮಾಡಿಸಿ ಸಣ್ಣ ಊರಿನವರಿಗೆ ಮಾರಿದರೆ ಅದಕ್ಕಿಂತ ಒಳ್ಳೆಯ ಬೆಲೆ ಬರುತ್ತದೆ. ಹಾಗಾಗಿ ಗುಜರಿಗೆ ಬರುವುದು ಹೇಗೂ ಸಾಯಲಿದ್ದ ಗಾಡಿ. ಹೊಗೆಯುಗುಳುತ್ತ ಓಡುವ ಗಾಡಿ ಕೈ ಬದಲಿಸಿ ತಾಲ್ಲೂಕಿಗೆ ಹೋಗುತ್ತದೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ ಕಾರಿನ ಮರುನೋಂದಣಿ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಿದ್ದು ತೆರಿಗೆದಾರನಿಗೆ ಏನೂ ಖರ್ಚಿಲ್ಲದ ಕ್ರಮ, ಆದರೆ ಐದು ವರ್ಷಕ್ಕೊಮ್ಮೆ ಕಟ್ಟುವ ಆ ಮೊತ್ತಕ್ಕೆ ಯಾರೂ ಗಾಡಿ ಬಿಡುವುದಿಲ್ಲ.

ಪ್ರೋತ್ಸಾಹದ ಹೆಸರಿನಲ್ಲಿ ಲೆಕ್ಕಕ್ಕೇ ಬಾರದ ಖರ್ಚೊಂದಿದೆ: 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಇಲಾಖೆಯ ಜೀಪಿಗೆ ಬದಲಿಯಾಗಿ ಬರುವ ಹೊಸ ಗಾಡಿಯ ಪೂರ್ತಿ ಬೆಲೆಯೂ ತೆರಿಗೆದಾರನದ್ದೇ. ನನ್ನನ್ನು ಕೇಳಿದರೆ ವಿದ್ಯಾರ್ಥಿಗಳಿಗೆ ಕೊಡಬೇಕಾದ ಭಾರತದ ಉದಾಹರಣೆ ಇದು, ಶೇ 25ರ ರಿಯಾಯಿತಿಯಲ್ಲ.

ಓಹಾಯೋ ಕನ್ನಡಿಗ

ಮೇಷ್ಟ್ರ ಸಂದೇಹಕ್ಕೆ: ಗುಜರಿ ಬೆಲೆಯ ಅಂದಾಜನ್ನು ಮಾರಾಟಗಾರ ಗಿರಾಕಿಗೆ ಬರಹದಲ್ಲಿ ತಿಳಿಸಬೇಕಿತ್ತು. ಅದರಲ್ಲಿ 50 ಡಾಲರನ್ನು ತನ್ನ ಕಚೇರಿ ವೆಚ್ಚಕ್ಕೆಂದು ಇಟ್ಟುಕೊಂಡು ಉಳಿದದ್ದನ್ನು ಗಿರಾಕಿಗೆ ಕೊಡಬೇಕಿತ್ತು. ಅದು ಸರ್ಕಾರದ ರಿಯಾಯಿತಿಯ ಮೇಲೆ ಸಿಗುವ ಹಣ. ಎಂಜಿನ್ ಬಿಟ್ಟು ಉಳಿದ ಎಷ್ಟೋ ಬಿಡಿಭಾಗಗಳನ್ನು ಗುಜರಿಯವನು 180 ದಿನಗಳೊಳಗೆ ಬಿಚ್ಚಿ ಮಾರಬಹುದಿತ್ತು, ಆಮೇಲೆ ಗಾಡಿಯನ್ನು ಜಜ್ಜಲೇಬೇಕಿತ್ತು. ನಮ್ಮ ಮಳಿಗೆಯವರಿಗೆ ಆ 50 ಡಾಲರಿನ ಮೇಲೆ ಗಮನವಿರಲಿಲ್ಲ. ರಿಯಾಯಿತಿಯನ್ನು ಮೊದಲು ತಮ್ಮ ಕೈಯಿಂದ ಕೊಟ್ಟು ಸರ್ಕಾರದಿಂದ ವಸೂಲಿಗೆ ಕಾಯಬೇಕಿದ್ದುದರಿಂದ, ಆ ಆಗಸ್ಟ್‌ನಲ್ಲಿ ಎಲ್ಲರ ಕಣ್ಣೂ ಬ್ಯಾಂಕ್ ಖಾತೆಯ ಮೇಲಿತ್ತು.